ಒಂದು ಲನ್, ಒಂದೇ ಕಂಪ್ಯೂಟರ್: ಸ್ಟುಡಿಯೊದಲ್ಲಿ ಐಎಸ್‌ಸಿಎಸ್‌ಐ ಹಾಕಿದ ನನ್ನ ಅನುಭವ

ಐಎಸ್‌ಸಿಎಸ್‌ಐ ಎಂದರೆ ಬೇರೆಡೆ ಇರುವ ಡಿಸ್ಕಿನ ಜಾಗವನ್ನು ನೆಟ್‌ವರ್ಕ್ ಮೂಲಕ ಕಂಪ್ಯೂಟರಿಗೆ ಸ್ವಂತ ಡಿಸ್ಕಿನಂತೆ ಜೋಡಿಸುವ ವಿಧಾನ. ಹಾಗೆ ಕೊಡುವ ಒಂದೊಂದು ಪಾಲಿಗೆ ಲನ್ ಎನ್ನುತ್ತಾರೆ. ಫೋಟೊ ಸ್ಟುಡಿಯೊಗೆ ಇದನ್ನು ಹಾಕುತ್ತೇನೆ ಎಂದಾಗ ನನ್ನ ಜೊತೆಯ ಸರ್ವಿಸ್‌ನವರು ನಕ್ಕಿದ್ದರು. ಅವರಲ್ಲಿ ಒಬ್ಬನಂತೂ, ‘ಗುಬ್ಬಿ ಹೊಡೆಯಲು ಫಿರಂಗಿ ತರುತ್ತಿದ್ದೀಯಲ್ಲ ಮಾರಾಯ, ಒಂದು ಫೋಲ್ಡರ್ ಶೇರ್ ಮಾಡಿಕೊಟ್ಟು ದುಡ್ಡು ತೆಗೆದುಕೊಂಡು ಬಾ’ ಎಂದಿದ್ದ. ನಾನು ಎರಡು ಸಲ ಮುಗ್ಗರಿಸಿದ್ದೂ ನಿಜ. ಈಗ ಹನ್ನೊಂದು ತಿಂಗಳಿಂದ ನಾಲ್ಕೂ ಕಂಪ್ಯೂಟರ್ ತಕರಾರಿಲ್ಲದೆ ಓಡುತ್ತಿವೆ. ಹೀಗಾಗಿ ಬರೆಯುವ ಧೈರ್ಯ ಬಂದಿದೆ.

ಹುಬ್ಬಳ್ಳಿಯ ಸ್ಟುಡಿಯೊ ಅದು. ವರ್ಷಕ್ಕೆ ಸುಮಾರು ಐವತ್ತು ಮದುವೆ, ಒಂದೊಂದಕ್ಕೆ 200ರಿಂದ 300 ಜಿಬಿ. ನಾಲ್ಕು ಡಿಸ್ಕ್ ಕೂರುವ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಮೊದಲೇ ಇತ್ತು, ಶೇರ್ ಫೋಲ್ಡರೂ ಇತ್ತು. ತೊಂದರೆ ಇದ್ದದ್ದು ಫೋಟೊ ತಿದ್ದುವ ಲೈಟ್‌ರೂಮ್‌ನ ಕ್ಯಾಟಲಾಗ್‌ನದು, ಅಂದರೆ ಮಾಡಿದ ತಿದ್ದುಪಡಿಗಳ ದಾಖಲೆ ಇರುವ ಫೈಲಿನದು. ನೆಟ್‌ವರ್ಕ್ ಡ್ರೈವ್‌ನಲ್ಲಿಟ್ಟ ಕ್ಯಾಟಲಾಗನ್ನು ಲೈಟ್‌ರೂಮ್ ತೆರೆಯುವುದಿಲ್ಲ, ಡ್ರೈವ್ ಲೆಟರ್ ಕೊಟ್ಟರೂ ಪತ್ತೆ ಹಚ್ಚಿಬಿಡುತ್ತದೆ. ಹಾಗಾಗಿ ಪ್ರತಿ ಎಡಿಟರ್ ತನ್ನ ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲೇ ಕ್ಯಾಟಲಾಗ್ ಇಟ್ಟುಕೊಂಡಿದ್ದ. ಲಗ್ನಸರಾಯಿಯ ನಡುವೆ ಒಂದು ಎಸ್‌ಎಸ್‌ಡಿ ಸತ್ತುಹೋಯಿತು. ಫೋಟೊಗಳು ನ್ಯಾಸ್‌ನಲ್ಲಿ ಕ್ಷೇಮವಾಗಿದ್ದವು, ಆದರೆ ಹದಿನೈದು ದಿನದ ಬಣ್ಣದ ಕೆಲಸ ಹೋಯಿತು. ಐಎಸ್‌ಸಿಎಸ್‌ಐ ಲನ್‌ನಲ್ಲಿಟ್ಟರೆ ವಿಂಡೋಸ್ ಕಣ್ಣಿಗೆ ಅದು ಸ್ವಂತ ಡಿಸ್ಕ್, ಲೈಟ್‌ರೂಮ್ ತುಟಿಪಿಟಿಕ್ಕೆನ್ನುವುದಿಲ್ಲ.

ಆಷಾಢದಲ್ಲಿ ಕೆಲಸಕ್ಕೆ ಕೈಹಾಕಿದೆ. ಮದುವೆಗಳಿಲ್ಲ, ಮಾಲೀಕರೂ ಆರಾಮಾಗಿರುತ್ತಾರೆ. ಹಳೆಯ ನ್ಯಾಸ್‌ನಲ್ಲಿ ಗಿಗಾಬಿಟ್ ಮಾತ್ರ ಇತ್ತು, ಹೊಸದನ್ನೇ ತರಿಸಿದೆ. ಡಿಸ್ಕ್ ಇಲ್ಲದ ಡಬ್ಬಿಗೆ ನಲವತ್ತು ಸಾವಿರದ ಮೇಲಾಯಿತು. 8 ಟಿಬಿಯ ನಾಲ್ಕು ಡಿಸ್ಕಿಗೆ ಎಪ್ಪತ್ತೈದರ ಆಸುಪಾಸು, 2.5 ಗಿಗಾಬಿಟ್ ಸ್ವಿಚ್ ಮತ್ತು ನಾಲ್ಕು ಅಡಾಪ್ಟರ್‌ಗೆ ಹದಿನೇಳೋ ಹದಿನೆಂಟೋ ಸಾವಿರ, ಯುಪಿಎಸ್‌ಗೆ ಆರು. ಒಟ್ಟು ಒಂದು ಲಕ್ಷ ನಲವತ್ತು ಸಾವಿರ ಎಂದಿಟ್ಟುಕೊಳ್ಳಿ. ನನ್ನ ಮಜೂರಿ ಬೇರೆ. ಅದು ಕೈಗೆ ಬರಲಿಲ್ಲ, ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಮೊದಲ ತಪ್ಪು ಪೂರ್ತಿ ನನ್ನದು. 4 ಟಿಬಿಯ ಒಂದೇ ಲನ್ ಮಾಡಿ ನಾಲ್ವರಿಗೂ ಹಂಚಿಬಿಡೋಣ ಎಂದುಕೊಂಡೆ. ಎರಡನೆಯ ಕಂಪ್ಯೂಟರ್ ಲಾಗಿನ್ ಆಗಲಿಲ್ಲ. ಟಾರ್ಗೆಟ್ (ಕಂಪ್ಯೂಟರ್ ಲಾಗಿನ್ ಆಗುವ ನ್ಯಾಸ್‌ನ ಬಾಗಿಲು) ಸೆಟ್ಟಿಂಗ್‌ನಲ್ಲಿ ‘ಒಂದಕ್ಕಿಂತ ಹೆಚ್ಚು ಸೆಷನ್‌ಗೆ ಅವಕಾಶ’ ಎಂಬ ಚೌಕ ಕಂಡಿತು, ಟಿಕ್ ಹಾಕಿದೆ. ಪಕ್ಕದಲ್ಲಿದ್ದ ಎಚ್ಚರಿಕೆಯನ್ನು ಓದಿದೆ, ಓದಿಯೂ ಹಾಕಿದೆ. ಆ ಚೌಕ ಇರುವುದು ಹಲವು ಕಂಪ್ಯೂಟರ್ ಒಟ್ಟಿಗೆ ಬರೆಯಬಲ್ಲ ಕ್ಲಸ್ಟರ್ ಫೈಲ್ ಸಿಸ್ಟಮ್‌ಗೆ, ವಿಂಡೋಸ್‌ನ ಮಾಮೂಲಿ ಎನ್‌ಟಿಎಫ್‌ಎಸ್‌ಗಲ್ಲ.

ಎರಡು ದಿನ ಎಲ್ಲ ಸರಿಯಿದ್ದಂತೆ ಕಂಡಿತು. ಮೂರನೆಯ ದಿನ ಎಡಿಟರ್ ಹುಡುಗನೊಬ್ಬ, ‘ಅಣ್ಣಾ, ನಾನು ಮಾಡಿದ ಫೋಲ್ಡರ್ ಅವರ ಕಂಪ್ಯೂಟರಿನಲ್ಲಿ ಕಾಣಿಸುತ್ತಿಲ್ಲ’ ಎಂದ. ರಿಫ್ರೆಶ್ ಮಾಡಲು ಹೇಳಿದೆ. ಆಗಲೂ ಕಾಣಿಸಲಿಲ್ಲ. ರೀಸ್ಟಾರ್ಟ್ ಮಾಡಲು ಹೇಳಿದ್ದೇ ಎಡವಟ್ಟಾಯಿತು. ಡಿಸ್ಕಿನ ದೋಷ ಸರಿಮಾಡುವ ಚೆಕ್‌ಡಿಸ್ಕ್ ಶುರುವಾಗಿ ನಲವತ್ತು ನಿಮಿಷ ಓಡಿತು. ಕೊನೆಗೆ ಡಿಸ್ಕಿನಲ್ಲಿ ಉಳಿದದ್ದು ‘ಫೌಂಡ್.000’ ಎಂಬ ಫೋಲ್ಡರ್ ಮತ್ತು ಅದರೊಳಗೆ ಹೆಸರು ಕಳೆದುಕೊಂಡ ಸಾವಿರಾರು ತುಣುಕು. ಎರಡೂ ವಿಂಡೋಸ್‌ಗಳು ಡಿಸ್ಕ್ ತಮ್ಮೊಬ್ಬರದೇ ಎಂದು ನಂಬಿ, ಒಂದರ ಮೇಲೊಂದು ಬರೆದಿದ್ದವು. ಡೇಟಾ ರಿಕವರಿಯವರು ಮೂವತ್ತೈದು ಸಾವಿರ ಕೇಳಿದರು, ಗ್ಯಾರಂಟಿ ಇಲ್ಲ ಎಂದರು. ಅಸಲು ಫೋಟೊಗಳು ಹಳೆಯ ನ್ಯಾಸ್‌ನಲ್ಲಿ ಇದ್ದವು, ಎರಡು ಆಲ್ಬಮ್‌ಗಳ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಮಾಲೀಕರು ಬೈಯಲಿಲ್ಲ. ‘ನಿಮ್ಮ ಬಿಲ್ ಆಮೇಲೆ ನೋಡೋಣ’ ಎಂದರು, ಅಷ್ಟೇ. ಆ ಬಿಲ್ಲನ್ನು ನಾನು ಕೊಡಲೇ ಇಲ್ಲ.

ಅಂದಿನಿಂದ ಒಂದು ಲನ್ನಿಗೆ ಒಂದೇ ಕಂಪ್ಯೂಟರ್. ನಾಲ್ಕು ಟಾರ್ಗೆಟ್, ನಾಲ್ಕು ಲನ್, ಪ್ರತಿ ಟಾರ್ಗೆಟ್‌ಗೂ ಆಯಾ ಕಂಪ್ಯೂಟರಿನ ಐಕ್ಯೂಎನ್ (ಐಎಸ್‌ಸಿಎಸ್‌ಐನಲ್ಲಿ ಕಂಪ್ಯೂಟರಿನ ಗುರುತಿನ ಹೆಸರು) ಮಾತ್ರ ಅನುಮತಿಯ ಪಟ್ಟಿಯಾದ ಮಾಸ್ಕ್‌ನಲ್ಲಿ, ಲಾಗಿನ್ ಪರೀಕ್ಷಿಸುವ ಚಾಪ್‌ನ ಗುಟ್ಟುಪದ ಬೇರೆಬೇರೆ. ಕ್ಯಾಟಲಾಗ್, ಪ್ರಿವ್ಯೂ, ವಿಡಿಯೊ ಕ್ಯಾಶ್ ಎಲ್ಲ ಲನ್‌ಗೆ. ಎಲ್ಲರಿಗೂ ಬೇಕಾದ ಅಸಲು ಫೋಟೊಗಳು ಹಿಂದಿನಂತೆ ಶೇರ್ ಫೋಲ್ಡರಿಗೆ. ಶೇರ್ ಸಾಕು ಎಂದವರ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಎರಡನೆಯ ಪೆಟ್ಟು ಥಿನ್ ಲನ್‌ನಿಂದ, ಅಂದರೆ ಜಾಗವನ್ನು ಮೊದಲೇ ಕಾದಿರಿಸದೆ ಬರೆದಷ್ಟೇ ಹಿಡಿಯುವ ಲನ್‌ನಿಂದ. ಜಾಗ ಉಳಿಯುತ್ತದೆಂಬ ಆಸೆಗೆ ಬಿದ್ದು ನಾಲ್ಕನ್ನೂ ಥಿನ್ ಮಾಡಿ 4 ಟಿಬಿ ಎಂದು ತೋರಿಸಿದ್ದೆ. ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ರೇಡ್ 5 ಜೋಡಣೆಯಲ್ಲಿ ಕೈಗೆ ಸಿಗುವುದು ಇಪ್ಪತ್ತೊಂದು ಚಿಲ್ಲರೆ ಟಿಬಿ, ಅದೇ ವಾಲ್ಯೂಮ್‌ನಲ್ಲಿ (ಡಿಸ್ಕುಗಳು ಸೇರಿದ ಒಟ್ಟು ಜಾಗ) ಶೇರ್ ಫೋಲ್ಡರೂ ಇತ್ತು. ಯಾರೋ ಹಳೆಯ ಮದುವೆಗಳನ್ನೆಲ್ಲ ತಂದು ಅಲ್ಲಿ ಸುರಿದರು. ಒಂದು ರಾತ್ರಿ ವಾಲ್ಯೂಮ್ ತುಂಬಿ ನಾಲ್ಕೂ ಕಂಪ್ಯೂಟರಿನಲ್ಲಿ ‘ಡಿಲೇಡ್ ರೈಟ್ ಫೇಲ್ಡ್’ ಬಂತು. ಡಿಸ್ಕ್ 1.3 ಟಿಬಿ ಖಾಲಿ ಇದೆ ಎಂದು ವಿಂಡೋಸ್ ತೋರಿಸುತ್ತಿದೆ, ಆದರೆ ಬರೆಯಲು ಆಗುತ್ತಿಲ್ಲ. ಹುಡುಗರಿಗೆ ದೆವ್ವ ಮೆಟ್ಟಿಕೊಂಡಂತೆ ಕಂಡಿರಬೇಕು. ಲನ್‌ನೊಳಗೆ ಫೈಲ್ ಅಳಿಸಿದರೂ ವಾಲ್ಯೂಮ್‌ಗೆ ಜಾಗ ವಾಪಸ್ ಬರಲಿಲ್ಲ, ಹಿಂದಿನ ಸ್ಥಿತಿಯನ್ನು ಉಳಿಸಿಡುವ ಸ್ನ್ಯಾಪ್‌ಶಾಟ್‌ಗಳು ಅದನ್ನು ಹಿಡಿದುಕೊಂಡಿದ್ದವು. ಈಗ ಜಾಗವನ್ನು ಪೂರ್ತಿ ಮೊದಲೇ ಕಾದಿರಿಸುವ, 2 ಟಿಬಿಯ ನಾಲ್ಕು ಥಿಕ್ ಲನ್, ಸ್ನ್ಯಾಪ್‌ಶಾಟ್ ಏಳೇ ಏಳು, ಶೇರ್‌ಗೆ ಜಾಗದ ಮಿತಿ.

ಜಂಬೊ ಫ್ರೇಮ್, ಅಂದರೆ ನೆಟ್‌ವರ್ಕಿನಲ್ಲಿ ಒಂದು ಸಲಕ್ಕೆ ಹೋಗುವ ಕಟ್ಟನ್ನು ಮಾಮೂಲಿ 1500 ಬೈಟ್‌ಗಿಂತ ದೊಡ್ಡದು ಮಾಡುವುದರ ಬಗ್ಗೆ ಹೆಚ್ಚು ಬರೆಯುವಂಥದ್ದೇನೂ ಇಲ್ಲ. 9000 ಹಾಕಿದೆ. ಡಿಸ್ಕವರಿ, ಲಾಗಿನ್ ಎಲ್ಲ ಆಯಿತು, ದೊಡ್ಡ ಫೈಲ್ ಕಾಪಿ ಮಾತ್ರ ಸ್ವಲ್ಪ ಹೋಗಿ ನಿಲ್ಲುತ್ತಿತ್ತು. 8972 ಬೈಟ್‌ನ ಪಿಂಗ್ ಕಳಿಸಿದಾಗ ಉತ್ತರವೇ ಇಲ್ಲ, ಸ್ವಿಚ್‌ನಲ್ಲಿ ಆ ಸೆಟ್ಟಿಂಗ್ ಆಫ್ ಇತ್ತು. ಸರಿಮಾಡಿದ ಮೇಲೆ ಸಿಕ್ಕ ಲಾಭ ನೂರಕ್ಕೆ ನಾಲ್ಕೈದು. ಅಷ್ಟಕ್ಕಾಗಿ ಇನ್ನೊಂದು ತಲೆನೋವು ಬೇಡವೆಂದು ಮತ್ತೆ 1500ಕ್ಕೆ ಬಂದೆ. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110 ಎಂಬಿ ಬರುತ್ತಿದ್ದದ್ದು ಈಗ 270ರಿಂದ 280. ಎರಡು ಕೇಬಲ್ ಕೂಡಿಸಿದರೆ ದುಪ್ಪಟ್ಟು ವೇಗ ಬರುತ್ತದೆ ಎನ್ನುವವರಿಗೆ ಒಂದು ಮಾತು: ಲಿಂಕ್ ಕೂಡಿಸಿದರೂ ಒಂದು ಸೆಷನ್ ಒಂದೇ ಕೇಬಲ್‌ನಲ್ಲಿ ಹೋಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಹಲವು ದಾರಿಗಳನ್ನು ಒಟ್ಟಿಗೆ ಬಳಸುವ ಎಂಪಿಐಒ ಬೇಕು, ವಿಂಡೋಸ್ 10 ಮತ್ತು 11ರಲ್ಲಿ ಅದಿಲ್ಲ, ಸರ್ವರ್ ಆವೃತ್ತಿಯಲ್ಲಷ್ಟೇ ಇದೆ. ಇದನ್ನು ತಿಳಿಯಲು ನನಗೆ ಎರಡು ಭಾನುವಾರ ಬೇಕಾದವು.

ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಒಂದು ನಿಮಿಷದೊಳಗೆ ಎದ್ದು ಕೂರುತ್ತದೆ, ನ್ಯಾಸ್ ಏಳಲು ನಾಲ್ಕೈದು ನಿಮಿಷ. ಅಷ್ಟರಲ್ಲಿ ಡಿಸ್ಕ್ ಕಾಣದೆ ಲೈಟ್‌ರೂಮ್ ಹೊಸ ಕ್ಯಾಟಲಾಗ್ ಮಾಡಲೇ ಎಂದು ಕೇಳುತ್ತದೆ, ಅವಸರದ ಹುಡುಗರು ‘ಹೂಂ’ ಒತ್ತುತ್ತಾರೆ. ಸ್ಕ್ರಿಪ್ಟ್ ಬರೆದು ನೋಡಿದೆ, ಸರ್ವಿಸ್ ತಡವಾಗಿ ಶುರುವಾಗುವಂತೆ ಮಾಡಿ ನೋಡಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಗೋಡೆಗೆ ಅಂಟಿಸಿದ ಚೀಟಿ: ‘ನೀಲಿ ದೀಪ ಮಿಣುಕುವುದು ನಿಂತ ಮೇಲೆ ಕಂಪ್ಯೂಟರ್ ಹಚ್ಚಿರಿ’.

ಈ ನಡುವೆ ಒಂದು ಹುಚ್ಚನ್ನೂ ಮಾಡಿದೆ. ಹಾರ್ಡ್ ಡಿಸ್ಕ್ ಇಲ್ಲದ ಗುಜರಿ ಕಂಪ್ಯೂಟರೊಂದನ್ನು ನೆಟ್‌ವರ್ಕಿನಿಂದ ಕಂಪ್ಯೂಟರ್ ಶುರುಮಾಡಿಸುವ ಐಪಿಎಕ್ಸ್‌ಇ ಎಂಬ ತಂತ್ರಾಂಶದ ಮೂಲಕ ಲನ್‌ನಿಂದಲೇ ಲಿನಕ್ಸ್‌ಗೆ ಬೂಟ್ ಮಾಡಿಸಿದೆ. ಬಿಲ್ ಮಾಡುವ ಹೆಣ್ಣುಮಗಳು ಎರಡು ವಾರ ಅದರಲ್ಲೇ ಕೆಲಸ ಮಾಡಿದಳು, ಡಿಸ್ಕ್ ಇಲ್ಲವೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಕಸ ಗುಡಿಸುವಾಗ ಕೇಬಲ್ ಕಿತ್ತುಬಂದ ದಿನ ಗೊತ್ತಾಯಿತು.

ಬ್ಯಾಕಪ್ ನ್ಯಾಸ್‌ನಿಂದಲ್ಲ, ಕಂಪ್ಯೂಟರಿನ ಒಳಗಿನಿಂದಲೇ ನಡೆಯುತ್ತದೆ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಬೇರೊಂದು ಡಿಸ್ಕಿಗೆ. ನ್ಯಾಸ್‌ಗೆ ಲನ್ ಎಂದರೆ ಬೀಗ ಹಾಕಿದ ಪೆಟ್ಟಿಗೆ, ಒಳಗಿನ ಒಂದು ಫೈಲ್ ಮಾತ್ರ ತೆಗೆದುಕೊಡು ಎಂದರೆ ಅದಕ್ಕೆ ಆಗುವುದಿಲ್ಲ. ತಿಂಗಳಿಗೊಮ್ಮೆ ಸ್ನ್ಯಾಪ್‌ಶಾಟಿನಿಂದ ತದ್ರೂಪು ಲನ್ ಮಾಡಿ ನನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿ ಕ್ಯಾಟಲಾಗ್ ತೆರೆದು ನೋಡುತ್ತೇನೆ. ಅದನ್ನು ಅಸಲಿ ಇರುವ ಕಂಪ್ಯೂಟರಿಗೇ ಜೋಡಿಸಲು ಹೋಗಬೇಡಿ, ಎರಡರ ಸಿಗ್ನೇಚರ್ ಒಂದೇ ಆದ್ದರಿಂದ ವಿಂಡೋಸ್ ತದ್ರೂಪನ್ನು ಆಫ್‌ಲೈನ್ ಮಾಡಿ ಕೂರಿಸುತ್ತದೆ. ಪ್ರಿವ್ಯೂ ಬೇಗ ತೆರೆಯಲು ಫಾರ್ಮ್ಯಾಟ್ ಮಾಡುವಾಗಲೇ ನಾನು ಮಾಡುವ ಒಂದು ಕೈಚಳಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಮೂರು ಸ್ಟುಡಿಯೊದವರು ಕೊಟೇಶನ್ ಕೇಳಿದ್ದಾರೆ.

ಹೋದ ವಾರ ಫಿರಂಗಿಯ ಗೆಳೆಯ ಫೋನ್ ಮಾಡಿದ್ದ. ಧಾರವಾಡದ ಗಿರಾಕಿಯೊಬ್ಬರಿಗೆ ಅವನೂ ಐಎಸ್‌ಸಿಎಸ್‌ಐ ಹಾಕುತ್ತಿದ್ದಾನಂತೆ. ಎಲ್ಲ ಸರಿಯಿದ್ದರೂ ಚಾಪ್ ಹಾಕಿದ ಕೂಡಲೇ ಲಾಗಿನ್ ಆಗುತ್ತಿಲ್ಲ ಎಂದ. ಗುಟ್ಟುಪದ ಎಷ್ಟು ಅಕ್ಷರದ್ದು ಎಂದು ಕೇಳಿದೆ. ಎಂಟು ಎಂದ. ವಿಂಡೋಸ್ ಇನಿಷಿಯೇಟರ್‌ಗೆ (ಟಾರ್ಗೆಟ್‌ಗೆ ಲಾಗಿನ್ ಆಗುವ ಕಂಪ್ಯೂಟರಿನ ಕಡೆಯ ತಂತ್ರಾಂಶ) ಹನ್ನೆರಡರಿಂದ ಹದಿನಾರು ಬೇಕು ಎಂದು ಹೇಳಿ ಫೋನ್ ಇಟ್ಟೆ.