ಮಳೆಗಾಲಕ್ಕೆ ಮುಂಚೆ ಒಂದು ತುರ್ತು ಬಕೆಟ್: ಒಳಗಿದ್ದದ್ದು ನೆನೆಯದಂತೆ ಕಟ್ಟಿಡುವುದು ಹೇಗೆ?

ನೆರೆ ನುಗ್ಗಿದ ಮನೆಯಲ್ಲೂ ಟಾರ್ಚ್ ಇರುತ್ತದೆ, ಬೆಂಕಿಪೊಟ್ಟಣ ಇರುತ್ತದೆ, ಬಿಪಿ ಮಾತ್ರೆ, ರೇಷನ್ ಕಾರ್ಡ್ ಎಲ್ಲಾ ಇರುತ್ತವೆ. ಬೇಕಾದ ಹೊತ್ತಿಗೆ ಅವು ನೆನೆದು ಮುದ್ದೆಯಾಗಿರುತ್ತವೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ, 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳಿಗೆ ನುಗ್ಗಿದಾಗ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೀರು ನಿಂತಾಗ ಎಷ್ಟೋ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಇದಕ್ಕೆ ಒಂದು ದಿನದ ಕೆಲಸ ಸಾಕು, ಖರ್ಚೂ ಜಾಸ್ತಿ ಇಲ್ಲ. ಆದರೆ ಮಳೆ ಹಿಡಿಯುವ ಮೊದಲೇ ಮಾಡಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಕೆಟ್ಟೋ, ಬ್ಯಾಗೋ?

ನಿಮ್ಮೂರಿನಲ್ಲಿ ನೀರು ಹೇಗೆ ಬರುತ್ತದೆ ಅನ್ನುವುದನ್ನು ಮೊದಲು ಯೋಚಿಸಿ. ಹೊಳೆ ದಂಡೆಯ ಊರಾದರೆ ಮೇಲಿನ ಅಣೆಕಟ್ಟಿನಿಂದ ನೀರು ಬಿಡುವಾಗ ಸಾಮಾನ್ಯವಾಗಿ ಮುನ್ಸೂಚನೆ ಸಿಗುತ್ತದೆ, ಸಾಮಾನು ಮೇಲೆ ಎತ್ತಿಡಲು ಸ್ವಲ್ಪ ಹೊತ್ತಿರುತ್ತದೆ. ಅಂಥಲ್ಲಿ ಮುಚ್ಚಳದ ಬಕೆಟ್ ಸರಿ. ಗುಡ್ಡದ ಬುಡದಲ್ಲಿ ಮನೆ ಇದ್ದರೆ ಹೆಗಲಿಗೆ ಹಾಕಿ ಓಡುವಂಥ ಬ್ಯಾಗೇ ಬೇಕು. ಬಾಯಿ ಸುತ್ತಿ ಮಡಚುವ ಡ್ರೈ ಬ್ಯಾಗ್ ಸಿಕ್ಕರೆ ಒಳ್ಳೆಯದು. ಅದರ ಬಾಯನ್ನು ಬಿಗಿಯಾಗಿ ಮೂರ್ನಾಲ್ಕು ಸುತ್ತು ಮಡಚಿದ ಮೇಲೆ ಕ್ಲಿಪ್ ಹಾಕಬೇಕು, ಒಂದೇ ಸುತ್ತು ಮಡಚಿದರೆ ನೀರು ಒಳಗೆ ಹೋಗುತ್ತದೆ.

ಬಕೆಟ್ ಅಂದರೆ ಪೇಂಟ್ ಬರುವ 20 ಲೀಟರಿನದ್ದೇ ಆಗುತ್ತದೆ, ಮುಚ್ಚಳದ ಒಳಗೆ ರಬ್ಬರ್ ರಿಂಗ್ ಇರುವಂಥದ್ದು ಹುಡುಕಿ. ಬಿಡಿ ತಿಂಡಿಯನ್ನು ಮಾತ್ರ ಅದರಲ್ಲಿ ನೇರವಾಗಿ ತುಂಬಬೇಡಿ. ನೀಲಿ ಡ್ರಮ್ ಕೊಳ್ಳುವವರು ಅದರಲ್ಲಿ ಮೊದಲು ಏನಿತ್ತು ಅಂತ ಕೇಳಿಯೇ ಕೊಳ್ಳಿ, ಕೆಮಿಕಲ್ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಬೇಡ. ಇನ್ನು ದೊಡ್ಡದೊಂದಕ್ಕಿಂತ ಚಿಕ್ಕವು ಎರಡು ಮೇಲು, ಮನೆಯಲ್ಲಿರುವ ಅಜ್ಜಿಯೂ ಒಂದನ್ನು ಎತ್ತುವಂತಿರಬೇಕು.

ಪರೀಕ್ಷೆ ಮಾಡದೆ ನಂಬಬೇಡಿ

ರಿಂಗಿನ ಮೇಲೆ ಮತ್ತು ಅದು ಕೂರುವ ಸಂದಿಯಲ್ಲಿ ಒಂದು ಕೂದಲೆಳೆ, ಒಂದು ಮರಳಿನ ಕಣ ಇದ್ದರೂ ಸಾಕು, ಅಲ್ಲಿಂದಲೇ ನೀರು ಇಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿ. ಕೊಬ್ಬರಿ ಎಣ್ಣೆ ಸವರಿದರೆ ಬಿಗಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ, ಬೇಡ, ಎಣ್ಣೆಗೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಈಗ ಟಿಶ್ಯೂ ಪೇಪರ್ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಾಲ್ಕು ಗೆರೆ ಎಳೆದು ಮುಚ್ಚಳದ ಒಳಬದಿಗೆ ಟೇಪಿನಿಂದ ಅಂಟಿಸಿ. ಬಕೆಟ್ ಮುಚ್ಚಿ, ನೀರು ತುಂಬಿದ ದೊಡ್ಡ ಟಬ್ಬಿನಲ್ಲಿ ತಲೆಕೆಳಗಾಗಿ ಇಳಿಸಿ, ಮುಚ್ಚಳ ಪೂರ್ತಿ ಮುಳುಗುವಂತೆ ಮೇಲೊಂದು ಕಲ್ಲು ಹೇರಿ ಅರ್ಧ ಗಂಟೆ ಬಿಡಿ. ತೆಗೆಯುವ ಮುಂಚೆ ಹೊರಗಿನ ನೀರೆಲ್ಲ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಆ ಹನಿಯೇ ಒಳಗೆ ಬಿದ್ದು ಗೊಂದಲವಾಗುತ್ತದೆ. ಗೆರೆ ಎಲ್ಲಾದರೂ ಹರಡಿದ್ದರೆ ಆ ಜಾಗದಲ್ಲೇ ಸೋರಿಕೆ ಅಂತ ಅರ್ಥ. ಮುಚ್ಚಳ ತಿರುಗಿಸಿ ಕೂರಿಸಿ ಇನ್ನೊಮ್ಮೆ ನೋಡಿ, ಆಗಲೂ ಹರಡಿದರೆ ಆ ಬಕೆಟ್ಟನ್ನು ಗಿಡಕ್ಕೆ ನೀರು ಹಾಕಲು ಇಟ್ಟುಕೊಳ್ಳಿ.

ಒಣ ದಿನ ನೋಡಿ ಮುಚ್ಚಿ

ನನಗೆ ಇಡೀ ಕೆಲಸದಲ್ಲಿ ಮುಖ್ಯ ಅನ್ನಿಸುವುದು ಇದೇ. ಹೊರಗಿನ ನೀರು ತಡೆಯುವ ಮುಚ್ಚಳ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಜುಲೈ ತಿಂಗಳಲ್ಲಿ, ಗೋಡೆ ಬೆವರುವ ಹೊತ್ತಿನಲ್ಲಿ ತುಂಬಿ ಮುಚ್ಚಿದರೆ ಆ ತೇವದ ಗಾಳಿಯೂ ಒಳಗೇ ಉಳಿಯುತ್ತದೆ, ರಾತ್ರಿ ತಂಪಿಗೆ ಮುಚ್ಚಳದಡಿ ಹನಿಗಟ್ಟುತ್ತದೆ, ಎರಡು ತಿಂಗಳಿಗೆ ಬಟ್ಟೆಗೆ ಬೂಷ್ಟು ಬಂದಿರುತ್ತದೆ. ನೆರೆ ಬಾರದೆಯೇ ಸಾಮಾನು ಹಾಳು! ಮಾರ್ಚ್, ಏಪ್ರಿಲ್‌ನ ಬಿಸಿಲಿರುವ ದಿನ ನೋಡಿ, ಬಟ್ಟೆ, ಹೊದಿಕೆ, ಬಕೆಟ್ ಎಲ್ಲ ಬೆಳಿಗ್ಗೆಯಿಂದ ಒಣಗಿಸಿ ಮಧ್ಯಾಹ್ನ ಮುಚ್ಚಿ.

ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಕಿತ್ತಳೆ ಬಣ್ಣದ್ದು ಸಿಕ್ಕರೆ ಅನುಕೂಲ, ತೇವ ಕುಡಿದು ತುಂಬಿದಾಗ ಹಸಿರಾಗುತ್ತದೆ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ. ಮಕ್ಕಳ ಕೈಗೆ ಸಿಗಬಾರದು.

ಒಳಗೆ ಏನು, ಹೇಗೆ

ಬಕೆಟ್ ಒಂದನ್ನೇ ನಂಬಬೇಡಿ, ಒಳಗಿನ ಪ್ರತಿಯೊಂದಕ್ಕೂ ಅದರದ್ದೇ ಜಿಪ್ ಕವರ್ ಬೇಕು. ಗಾಳಿ ತೆಗೆಯಲು ಸುಲಭದ ದಾರಿ ಇದೆ. ಜಿಪ್ಪನ್ನು ಒಂದು ಮೂಲೆಯಷ್ಟು ಬಿಟ್ಟು ಮುಚ್ಚಿ, ಕವರನ್ನು ನಿಧಾನಕ್ಕೆ ನೀರಿಗೆ ಇಳಿಸಿ, ಬಾಯಿ ಮಾತ್ರ ಮೇಲಿರಲಿ. ಸುತ್ತಲಿನ ನೀರೇ ಒತ್ತಿ ಗಾಳಿಯನ್ನು ಹೊರಗೆ ದಬ್ಬುತ್ತದೆ, ಆಗ ಆ ಮೂಲೆಯನ್ನೂ ಮುಚ್ಚಿಬಿಡಿ.

ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಬೇಡಿ, ಎಕ್ಸ್‌ಪೈರಿ ತಾರೀಖು ಇರುವ ತುದಿಯನ್ನು ಕತ್ತರಿಸಲೂಬೇಡಿ. ಓಆರ್‌ಎಸ್ ಪೊಟ್ಟಣ ಇರಲಿ. ಟಾರ್ಚಿನಿಂದ ಸೆಲ್ ತೆಗೆದು ಬೇರೆ ಕವರಿನಲ್ಲಿಡಿ, ಒಳಗೇ ಬಿಟ್ಟರೆ ಸೋರಿ ಟಾರ್ಚೇ ಕೆಡುತ್ತದೆ. ಹೊಸ ಟಾರ್ಚ್ ಕೊಳ್ಳುವುದಾದರೆ ಐಪಿ67 ಅಂತ ಇರುವುದನ್ನು ನೋಡಿ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಅದರ ಲೆಕ್ಕ. ಪವರ್ ಬ್ಯಾಂಕ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಚಾರ್ಜ್ ಇರಲಿ, ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಬೆಂಕಿಕಡ್ಡಿಯನ್ನು ಪೊಟ್ಟಣದ ಸಮೇತ ಕಟ್ಟಿ, ಗೀರುವ ಪಟ್ಟಿ ನೆನೆದರೆ ಒಣ ಕಡ್ಡಿಯೂ ಹತ್ತುವುದಿಲ್ಲ. ಒಂದು ಲೈಟರೂ ಇರಲಿ.

ತಿನ್ನಲು ಒಲೆ ಬೇಡದಂಥವು ಬೇಕು. ಅವಲಕ್ಕಿ, ಹುರಿಗಡಲೆ, ಹುರಿಹಿಟ್ಟು, ಬಿಸ್ಕತ್ತು. ಉತ್ತರ ಕರ್ನಾಟಕದವರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದೇ ಇದೆಯಲ್ಲ. ಬೆಲ್ಲ ಮಾತ್ರ ಬೇರೆಯೇ ಡಬ್ಬಿಯಲ್ಲಿರಲಿ, ಅದು ನೀರು ಬಿಟ್ಟು ಪಕ್ಕದ್ದನ್ನೂ ಕೆಡಿಸುತ್ತದೆ. ನುಸಿಗುಳಿಗೆ, ಬ್ಲೀಚಿಂಗ್ ಪೌಡರ್, ಸೀಮೆಎಣ್ಣೆ ಇವ್ಯಾವುದೂ ಈ ಬಕೆಟ್ಟಿಗೆ ಬೇಡ.

ಒಂದು ಹಾಳೆಯಲ್ಲಿ ಮುಖ್ಯವಾದ ಫೋನ್ ನಂಬರುಗಳನ್ನು, ತುರ್ತು ನಂಬರ್ 112 ಸೇರಿಸಿ, ಪೆನ್ಸಿಲ್‌ನಲ್ಲಿ ಬರೆದು ಹಾಕಿ. ನೀರು ತಾಗಿದರೂ ಪೆನ್ಸಿಲ್ ಬರಹ ಹರಡುವುದಿಲ್ಲ. ಟಾರ್ಚ್, ಔಷಧಿ, ಚಿಲ್ಲರೆ ನೋಟು ಎಲ್ಲಕ್ಕಿಂತ ಮೇಲಿರಲಿ, ಕತ್ತಲಲ್ಲಿ ಕೈಹಾಕಿದರೆ ಮೊದಲು ಸಿಗಬೇಕು ಅಲ್ವಾ?

ಎಲ್ಲಿಡುವುದು?

ಮಂಚದ ಕೆಳಗೆ ಬೇಡ. ತಗಡಿನ ಸೂರಿನ ಅಟ್ಟವೂ ಬೇಡ, ಬೇಸಿಗೆಯ ಕಾವಿಗೆ ಮಾತ್ರೆ, ಪವರ್ ಬ್ಯಾಂಕ್ ಎರಡೂ ಕೆಡುತ್ತವೆ. ಬಾಗಿಲಿನ ಹತ್ತಿರ, ಎತ್ತರದ ಶೆಲ್ಫಿನಲ್ಲಿ ಇಡಿ. ಗಾಳಿ ತುಂಬಿದ ಬಕೆಟ್ ತೇಲುತ್ತದೆ, ಹಾಗಾಗಿ ಹಿಡಿಕೆಗೆ ಉದ್ದನೆ ಹಗ್ಗ ಬಿಗಿದು ಕಿಟಕಿ ಸರಳಿಗೋ ಕಂಬಕ್ಕೋ ಕಟ್ಟಿ, ನೀರು ಏರಿದರೂ ಕೊಚ್ಚಿಹೋಗುವುದಿಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಬಿಚ್ಚಿ, ತಾರೀಖು ನೋಡಿ ಬದಲಾಯಿಸಿ.

ಕಾಗದಪತ್ರದ ವಿಷಯ

ಪಹಣಿ ಆನ್‌ಲೈನಿನಲ್ಲಿ ಮತ್ತೆ ಸಿಗುತ್ತದೆ. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ, ಅದಕ್ಕೆ ದಾಖಲೆ ಸಂಖ್ಯೆ, ವರ್ಷ ಬರೆದಿಟ್ಟಿರಬೇಕು. ಆಧಾರ್, ಡ್ರೈವಿಂಗ್ ಲೈಸೆನ್ಸ್ ಡಿಜಿಲಾಕರ್‌ನಲ್ಲಿ ಇರಲಿ. ಹಳೇ ಮಾರ್ಕ್ಸ್ ಕಾರ್ಡು, ಹಳೇ ಪತ್ರಗಳ ಮೂಲಪ್ರತಿಗೆ ಓಡಾಟ ಜಾಸ್ತಿ, ಅವಕ್ಕೆ ಎರಡು ಕವರ್ ಹಾಕಿ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹಾಳಾಗದಂತೆ ಬಿಡಿಸಲು ಆಗುವುದಿಲ್ಲ.

ಇಷ್ಟಾದರೂ ನೆನೆದರೆ, ಅಂಟಿಕೊಂಡ ಹಾಳೆಗಳನ್ನು ಒದ್ದೆಯಲ್ಲೇ ಕಿತ್ತು ಬಿಡಿಸಲು ಹೋಗಬೇಡಿ. ಸುಡುಬಿಸಿಲಿಗೂ ಇಡಬೇಡಿ. ನೆರಳಿನಲ್ಲಿ, ಫ್ಯಾನ್ ಗಾಳಿಯಲ್ಲಿ, ಕೆಳಗೂ ಮೇಲೂ ಅಚ್ಚಿಲ್ಲದ ಬಿಳಿ ಕಾಗದ ಹಾಕಿ ಒಣಗಲು ಬಿಡಿ. ಕಾಗದ ಒದ್ದೆಯಾದಂತೆ ಬದಲಾಯಿಸುತ್ತಿರಿ, ಹಾಳೆಗಳು ತಾವಾಗಿಯೇ ಬಿಡುವವರೆಗೆ ಕಾಯಿರಿ.