ಡ್ರಾಯರಿನ ಹಳೇ ಡಾಂಗಲ್‌ನಲ್ಲಿ ಟಿವಿ ಬರುತ್ತಾ? ಹೀಗೆ ನೋಡಿ

2016ರ ಫೆಬ್ರವರಿಯಲ್ಲಿ ದೂರದರ್ಶನವು ಬೆಂಗಳೂರೂ ಸೇರಿ 16 ನಗರಗಳಲ್ಲಿ ಮೊಬೈಲಿನಲ್ಲೂ ನೋಡಬಹುದಾದ ಡಿಜಿಟಲ್ ಟಿವಿ ಪ್ರಸಾರ ಶುರು ಮಾಡಿತು. ಇಂಟರ್ನೆಟ್ ಬೇಡ, ಫೋನಿಗೆ ಒಂದು ಡಾಂಗಲ್, ಅಂದರೆ ಟಿವಿ ಸಿಗ್ನಲ್ ಹಿಡಿಯುವ ಪುಟ್ಟ ಸಾಧನ, ಚುಚ್ಚಿದರೆ ಸಾಕು. ನಾನೂ ಆಸೆಯಿಂದ ಒಂದು ತರಿಸಿದೆ. ಏರಿಯಲ್ ನಿಲ್ಲಿಸಿದೆ, ಸ್ಕ್ಯಾನ್ ಪೂರ್ತಿ ಮುಗಿಯಿತು. ಚಾನೆಲ್ ಮಾತ್ರ ಒಂದೂ ಇಲ್ಲ. ನಾನು ತರಿಸಿದ್ದು ಡಿವಿಬಿ-ಟಿ ಎಂಬ ಹಳೇ ಡಿಜಿಟಲ್ ಪ್ರಸಾರ ಪದ್ಧತಿಯದು, ದೂರದರ್ಶನ ಕಳಿಸುತ್ತಿದ್ದದ್ದು ಅದರ ಮುಂದಿನ ಪೀಳಿಗೆಯ ಡಿವಿಬಿ-ಟಿ2. ಕೊನೆಯ ಆ ಒಂದು ಅಂಕಿ ನನ್ನ ದುಡ್ಡು ತಿಂದಿತ್ತು.

ಹಾಗಾಗಿ ಮೊದಲು ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿ. 'ಡಿಜಿಟಲ್', 'ಎಚ್‌ಡಿ' ಎಂದು ದಪ್ಪಗೆ ಬರೆದಿದ್ದರೆ ಏನೂ ಗೊತ್ತಾಗುವುದಿಲ್ಲ. 'ಟಿ2' ಎಂದು ಇರಲೇಬೇಕು. ಡಬ್ಬ ಕಳೆದುಹೋಗಿದ್ದರೆ ಒಳಗಿನ ಚಿಪ್ ಯಾವುದು ಎಂದು ಹುಡುಕಿ. ಆರ್‌ಟಿಎಲ್2832ಯು ಒಂದೇ ಇದ್ದರೆ ಅದು ಬರೀ ಡಿವಿಬಿ-ಟಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಟಿ2ನಲ್ಲಿ ಸಿಗ್ನಲ್ ಕಟ್ಟುವ ರೀತಿಯೇ ಬೇರೆ, ದಾರಿಯಲ್ಲಿ ಕೆಟ್ಟ ಸಿಗ್ನಲ್ಲಿನ ತಪ್ಪು ತಿದ್ದುವ ಲೆಕ್ಕವೂ ಬೇರೆ. ಅದನ್ನು ಬಿಡಿಸುವ ಕೆಲಸ ಚಿಪ್ಪಿನದು. ಟಿ2 ಡಾಂಗಲ್‌ಗಳು ಸಾಮಾನ್ಯವಾಗಿ ಹಳೇ ಟಿ ಸಿಗ್ನಲ್ಲನ್ನೂ ಹಿಡಿಯುತ್ತವೆ, ಆದರೆ ಉಲ್ಟಾ ನಡೆಯುವುದಿಲ್ಲ.

ಹಳೇ ಸೆಟ್ಟನ್ನು ಹೀಗೆ ಕೈಬಿಡಲೇಬೇಕಿತ್ತಾ? 1982ರಲ್ಲಿ ನಮ್ಮಲ್ಲಿ ಬಣ್ಣದ ಟಿವಿ ಬಂದಾಗ ಹಾಗಾಗಲಿಲ್ಲ ಅಲ್ವಾ? ಕಪ್ಪುಬಿಳುಪು ಸೆಟ್ಟು ಬಣ್ಣದ ಭಾಗವನ್ನು ಬಿಟ್ಟು ಉಳಿದದ್ದನ್ನು ತೋರಿಸಿತು. ಹಳೆಯದನ್ನು ಉಳಿಸಿಕೊಳ್ಳುವ ಗುಟ್ಟು ಇಷ್ಟೇ: ಗೊತ್ತಿಲ್ಲದ್ದು ಬಂದರೆ ಸೆಟ್ಟು ಗಲಿಬಿಲಿಯಾಗಬಾರದು, ಸುಮ್ನೆ ದಾಟಿಹೋಗಬೇಕು. 2009ರಲ್ಲಿ ಅಮೆರಿಕದವರು ಮೊಬೈಲ್ ಟಿವಿಗೆ ಮಾಡಿದ್ದೂ ಇದನ್ನೇ. ಅಲ್ಲಿನ ಡಿಜಿಟಲ್ ಟಿವಿಯಲ್ಲಿ ಮಾಹಿತಿಯ ಪ್ರತಿ ಪೊಟ್ಟಣಕ್ಕೂ ಒಂದು ನಂಬರ್ ಇರುತ್ತದೆ. ಮೊಬೈಲಿನ ಪೊಟ್ಟಣಗಳಿಗೆ ಹಳೇ ಟಿವಿಗೆ ಪರಿಚಯವಿಲ್ಲದ ನಂಬರ್ ಕೊಟ್ಟರು. ಪಕ್ಕದ ಮನೆಯ ಕಾಗದ ಬಂದರೆ ನಾವು ಒಡೆಯದೆ ಬಿಡುವ ಹಾಗೆ, ಹಳೇ ಟಿವಿ ಅವನ್ನು ಮುಟ್ಟಲಿಲ್ಲ. ಜಪಾನಿನವರು ಇನ್ನೂ ಜಾಣರು. ಒಂದು ಚಾನೆಲ್ಲನ್ನು ಮೊದಲೇ 13 ತುಂಡು ಮಾಡಿಟ್ಟರು, ನಡುವಿನ ಒಂದು ತುಂಡನ್ನು 2006ರಿಂದ ಮೊಬೈಲಿಗೆ ಬಿಟ್ಟರು. ಮನೆಯ ಟಿವಿಗೆ ಉಳಿದ 12.

ಟಿ2 ಕೂಡ ಈ ಪಾಠ ಕಲಿತಿದೆ, ಆದರೆ ತನ್ನ ಮುಂದಿನ ಪೀಳಿಗೆಗೆ. ಅದರ ಪ್ರಸಾರದ ನಡುನಡುವೆ ಖಾಲಿ ಜಾಗ ಬಿಡಬಹುದು. ಅಲ್ಲಿ ಏನೇ ಬಂದರೂ ಟಿ2 ಸೆಟ್ಟು ದಾಟಿಹೋಗಬೇಕು ಎಂಬುದು ನಿಯಮ. 2011ರಲ್ಲಿ ಮೊಬೈಲಿಗೆಂದು ಬಂದ ಟಿ2-ಲೈಟ್ ಆ ಜಾಗದಲ್ಲೇ ಕೂರಬಲ್ಲದು. ಹಳೇ ಡಿವಿಬಿ-ಟಿ ಸೆಟ್ಟಿಗೆ ಮಾತ್ರ ಇದರಿಂದ ಏನೂ ಲಾಭವಿಲ್ಲ.

ಈಗ ಡಾಂಗಲ್ ಚುಚ್ಚಿ. ಫೋನಿಗಾದರೆ ಓಟಿಜಿ ವೈರ್ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ವೈರ್) ಬೇಕಾಗಬಹುದು. ಏರಿಯಲ್ಲನ್ನು ಕಿಟಕಿಯ ಹತ್ತಿರ ಇಡಿ, ಮಹಡಿಯಾದರೆ ಇನ್ನೂ ಒಳ್ಳೆಯದು. ಸ್ಕ್ಯಾನ್ ಮಾಡುವಾಗ ಆ್ಯಪ್ ಏನು ತೋರಿಸುತ್ತದೆ ಎಂದು ಗಮನಿಸಿ. ಸಿಗ್ನಲ್ಲೇ ಇಲ್ಲವೆಂದರೆ ಏರಿಯಲ್ ಅಥವಾ ಜಾಗದ ತಕರಾರು. ಸಿಗ್ನಲ್ ಜೋರಾಗಿದೆ, ಆದರೆ ಲಾಕ್ ಆಗುತ್ತಿಲ್ಲ (ಡಾಂಗಲ್ಲಿಗೆ ಅದನ್ನು ಓದಲಾಗುತ್ತಿಲ್ಲ) ಎಂದರೆ ಟಿ-ಟಿ2 ಗಲಾಟೆ ಇರಬಹುದು. ಚಾನೆಲ್ಲಿನ ಹೆಸರು ಬಂತು, ಚಿತ್ರ ಕಪ್ಪು ಎಂದರೆ ವಿಡಿಯೊ ಬಿಡಿಸಲು ಆಗುತ್ತಿಲ್ಲ. ಆಗ ಬೇರೆ ಆ್ಯಪ್ ಹಾಕಿ ನೋಡಿ.

ಹೊಸ ಟಿ2 ಡಾಂಗಲ್ಲಿಗೆ ದುಡ್ಡು ಹಾಕುವ ಮೊದಲು ಹತ್ತಿರದ ದೂರದರ್ಶನ ಕೇಂದ್ರಕ್ಕೆ ಒಂದು ಫೋನ್ ಮಾಡಿ. ನಿಮ್ಮ ಏರಿಯಾದಲ್ಲಿ ಸಿಗ್ನಲ್ ಸಿಗುತ್ತದೆಯೇ ಎಂದು ಕೇಳಿ. ಹಳೆಯದನ್ನು ಎಸೆಯಬೇಡಿ. ಆರ್‌ಟಿಎಲ್ ಚಿಪ್ಪಿನದು ಲ್ಯಾಪ್‌ಟಾಪಿಗೆ ಒಳ್ಳೇ ರೇಡಿಯೊ ಆಗುತ್ತದೆ. ನನ್ನದು ಈಗ ದಿನಾ ಬೆಳಿಗ್ಗೆ ಎಫ್‌ಎಂ ಹಾಡುತ್ತಿದೆ.