ಗುಂಡನನ್ನು ಡಬ್ಬಿಗೆ ಹತ್ತಿಸಿದ 22 ದಿನ

ಬೆಳಿಗ್ಗೆ ನಾನು ಪೇಪರ್ ಬಿಚ್ಚಿದರೆ ಸಾಕು, ಗುಂಡ ಬಂದು ಅದರ ಮೇಲೆ ಕೂರುತ್ತಾನೆ. ಅದೂ ಸರಿಯಾಗಿ ಪದಬಂಧದ ಮೇಲೇ. ನನ್ನ ಪದಬಂಧದ ಹುಚ್ಚು ಹಳೆಯದು, ಈ ಬೆಕ್ಕು ಬಂದು ನಾಲ್ಕು ವರ್ಷ. ಬಾಲ ಎತ್ತಿ, ಹೊಟ್ಟೆ ಸರಿಸಿ ಚೌಕ ತುಂಬುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಸೆಪ್ಟೆಂಬರ್ 6ರಂದು ಹಾಗೇ ಬಾಲ ಎತ್ತಿದಾಗ ಕೆಳಗೆ ಊರ ಸುದ್ದಿಯ ಪುಟ್ಟ ಬಾಕ್ಸ್ ಕಾಣಿಸಿತು. ಇದೇ 28ಕ್ಕೆ ನಾಯಿ, ಬೆಕ್ಕುಗಳಿಗೆ ರೇಬೀಸ್ ಲಸಿಕೆ ಶಿಬಿರ.

28 ಯಾಕೆ ಅಂತ ಗೊತ್ತಿತ್ತು. ರೇಬೀಸ್ ಲಸಿಕೆ ಕೊಟ್ಟ ಲೂಯಿ ಪಾಶ್ಚರ್ ತೀರಿಕೊಂಡದ್ದು 1895ರ ಸೆಪ್ಟೆಂಬರ್ 28ರಂದು. ವಿಶ್ವ ರೇಬೀಸ್ ದಿನವೂ ಅದೇ. ಇಂಥದ್ದೆಲ್ಲ ಪದಬಂಧದಿಂದ ತಲೆಯಲ್ಲಿ ಉಳಿಯುತ್ತದೆ, ಬೇರೆ ಯಾವುದಕ್ಕೂ ಉಪಯೋಗವಿಲ್ಲ.

ಆದರೆ ಸುದ್ದಿ ಓದಿ ನಾನು ಮೊದಲು ನೋಡಿಕೊಂಡದ್ದು ನನ್ನ ಎಡಗೈ. ಹೋದ ವರ್ಷದ ಗೀರು ಇನ್ನೂ ಇದೆ. ಆಗ ಅಟ್ಟದಿಂದ ಬೆಕ್ಕನ್ನು ಒಯ್ಯುವ ಪ್ಲಾಸ್ಟಿಕ್ ಡಬ್ಬಿ, ಅಂದರೆ ಕ್ಯಾರಿಯರ್ ಇಳಿಸಿ, ಧೂಳಿದೆ ಅಂತ ಫಿನಾಯಿಲ್ ಹಾಕಿ ತೊಳೆದು, ಐದು ನಿಮಿಷದಲ್ಲಿ ಗುಂಡನನ್ನು ಹಿಡಿದು ತುರುಕಲು ಹೋಗಿದ್ದೆ. ನಾಲ್ಕು ಕಾಲನ್ನೂ ಡಬ್ಬಿಯ ಬಾಯಿಗೆ ಅಡ್ಡ ಕೊಟ್ಟು ನಿಂತ. ಆಮೇಲೆ ಅವನು ಮಂಚದ ಕೆಳಗೆ, ನಾನು ನಲ್ಲಿಯ ಕೆಳಗೆ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ಡಾಕ್ಟರ ಹತ್ತಿರ ಹೋದೆ. ನಮ್ಮದೇ ಬೆಕ್ಕು ಅಲ್ವಾ ಅಂತ ಸುಮ್ನೆ ಬಿಡುವ ವಿಷಯವಲ್ಲ ಇದು. ಲಸಿಕೆ ಅವನಿಗಾಗಬೇಕಿತ್ತು, ಚುಚ್ಚಿಸಿಕೊಂಡವನು ನಾನು.

ಆಗ ತಪ್ಪು ಬೆಕ್ಕಿನದ್ದು ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಅವನ ಪಾಲಿಗೆ ಆ ಡಬ್ಬಿ ವರ್ಷಕ್ಕೊಮ್ಮೆ ಬರುವ ಕೆಟ್ಟ ಸುದ್ದಿ. ಅದು ಹಾಲ್‌ನಲ್ಲಿ ಕಾಣಿಸಿತು ಅಂದರೆ ಮುಂದೆ ಸೂಜಿ ಇದೆ ಅಂತಲೇ ಲೆಕ್ಕ. ಮೇಲೆ ಫಿನಾಯಿಲ್ ಬೇರೆ. ಫೀನಾಲ್ ಇರುವ ಕ್ಲೀನರ್‌ಗಳನ್ನು ಬೆಕ್ಕಿನ ಹತ್ತಿರ ತರಲೇಬಾರದಂತೆ, ಅದರ ಲಿವರ್‌ಗೆ ಆ ವಿಷವನ್ನು ಸರಿಯಾಗಿ ಹೊರಹಾಕಲು ಆಗುವುದಿಲ್ಲ. ನನಗೆ ಗೊತ್ತಾದದ್ದು ತೊಳೆದಾದ ಮೇಲೆ.

ಈ ಸಲ 22 ದಿನ ಇತ್ತು. ಡಬ್ಬಿಯನ್ನು ಬರೀ ಬಿಸಿನೀರಲ್ಲಿ ತೊಳೆದು ಬಿಸಿಲಿಗಿಟ್ಟೆ. ನಮ್ಮ ಕ್ಯಾರಿಯರ್‌ನ ಮೇಲಿನ ಅರ್ಧ ಬಿಚ್ಚಬಹುದು. ಅದನ್ನೂ ಬಾಗಿಲನ್ನೂ ತೆಗೆದಿಟ್ಟು, ಕೆಳಗಿನ ತಟ್ಟೆಯಂಥ ಭಾಗವನ್ನಷ್ಟೇ ಟೇಬಲ್ ಪಕ್ಕ ಇಟ್ಟೆ. ಒಳಗೆ ಅವನು ಮಲಗುವ ಹಳೇ ಟವೆಲ್. ಬೆಕ್ಕು ಕೆನ್ನೆ ಉಜ್ಜಿದಲ್ಲೆಲ್ಲ ತನ್ನ ವಾಸನೆ ಬಿಡುತ್ತದೆ, ಇದು ನನ್ನದು ಅಂತ. ಆ ಟವೆಲ್ ಪೂರ್ತಿ ಅವನ ಕೆನ್ನೆಯೇ.

ಮೊದಲ ಎರಡು ದಿನ ಅತ್ತ ತಿರುಗಿಯೂ ನೋಡಲಿಲ್ಲ. ನಾನೂ ಕರೆಯಲಿಲ್ಲ. ರಾತ್ರಿ ಊಟಕ್ಕೆ ಮುಂಚೆ, ಹೊಟ್ಟೆ ಹಸಿದಿರುವಾಗ, ಬೇಯಿಸಿದ ಚಿಕನ್ನಿನ ಉಗುರಿನಷ್ಟು ಚೂರು ಅಂಚಿನಲ್ಲಿಟ್ಟು ಪದಬಂಧ ಹಿಡಿದು ಕೂತೆ. ಮೂರನೇ ರಾತ್ರಿ ಬಂದ. ಹಿಂಗಾಲೆರಡೂ ನೆಲದ ಮೇಲೆ ಗಟ್ಟಿಯಾಗಿ ಊರಿ, ಮುಂದಿನ ಮೈಯನ್ನು ರಬ್ಬರಿನಂತೆ ಎಳೆದು, ಚೂರನ್ನು ಕಚ್ಚಿಕೊಂಡು ಓಡಿದ. ಕಳ್ಳನ ಹಾಗೆ. ಐದನೇ ದಿನಕ್ಕೆ ಹಿಂಗಾಲೂ ಒಳಗೆ. ವಾರದ ಕೊನೆಗೆ ಅಲ್ಲೇ ಕೂತು ಮೈ ನೆಕ್ಕಿಕೊಳ್ಳುತ್ತಿದ್ದ. ಮುಚ್ಚಳ ಹಾಕಿದಾಗ ಒಂದು ದಿನ ಹಿಂದೆ ಸರಿದ, ಅಷ್ಟೇ.

ಕೆಟ್ಟದ್ದು ಬಾಗಿಲಿನಲ್ಲಿ. ಹನ್ನೊಂದನೇ ದಿನ, ಎಲ್ಲ ಸಲೀಸಾಗಿದೆ ಅಂತ ಹಿಗ್ಗಿ, ಅವನು ಒಳಗೆ ಕೂತಿರುವಾಗ ಬಾಗಿಲು ಮುಚ್ಚಿ ಚಿಲಕ ಒತ್ತಿದೆ. 'ಟಕ್' ಅಂತು. ಕಿವಿ ಎರಡೂ ಚಪ್ಪಟೆ, ಕಣ್ಣಿನ ಪಾಪೆ ಇಡೀ ಕಪ್ಪು. ತಕ್ಷಣ ತೆಗೆದೆ, ಆದರೂ ಮುಂದಿನ ಎರಡು ದಿನ ಟೇಬಲ್ ಹತ್ತಿರ ಸುಳಿಯಲಿಲ್ಲ. ಅವನಿಗೆ ಆಗದೇ ಇದ್ದದ್ದು ಬಾಗಿಲಲ್ಲ, ಆ ಸದ್ದು. ಆಮೇಲೆ ಡಬ್ಬಿಯಿಂದ ದೂರ, ಸೋಫಾದಲ್ಲಿ ಕೂತು ಬಿಚ್ಚಿದ ಬಾಗಿಲಿನ ಚಿಲಕವನ್ನು ಟವೆಲ್ ಒಳಗೆ ಮೆಲ್ಲಗೆ ಒತ್ತುವುದು, ಚೂರು ಕೊಡುವುದು. ಟಕ್, ಚೂರು. ಟಕ್, ಚೂರು. ಒಂದು ಸಲಕ್ಕೆ ಎರಡು ಮೂರು ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ. ಮೂರು ದಿನಕ್ಕೆ 'ಟಕ್' ಅಂದರೆ ಎಲ್ಲಿದ್ದರೂ ಓಡಿ ಬರುತ್ತಿದ್ದ. ಆಮೇಲೆ ಬಾಗಿಲನ್ನು ಅದರ ಜಾಗಕ್ಕೆ ಹಾಕಿದೆ. ಮೊದಲು ಐದು ಸೆಕೆಂಡು ಮುಚ್ಚಿದೆ, ಮಾರನೇ ದಿನ ಅರ್ಧ ನಿಮಿಷ.

ಎತ್ತುವುದರಲ್ಲೂ ಒಂದು ಮಾತಿದೆ. ಮೇಲಿನ ಹಿಡಿ ಹಿಡಿದು ನಡೆದರೆ ಡಬ್ಬಿ ತೊಟ್ಟಿಲಿನಂತೆ ತೂಗುತ್ತದೆ, ಕಾಲಿಗೆ ಬಡಿಯುತ್ತದೆ. ಒಳಗಿರುವ ಐದು ಕಿಲೋ ಜೀವ ಅತ್ತಿತ್ತ ಜಾರುತ್ತದೆ. ಎರಡೂ ಕೈ ಅಡಿಗೆ ಕೊಟ್ಟು, ಎದೆಗೆ ಒತ್ತಿಕೊಂಡು ನಡೆಯಬೇಕು. ಹಾಗೆ ಹಾಲ್‌ನಲ್ಲಿ ಒಂದು ಸುತ್ತು, ಆಮೇಲೆ ಮೆಟ್ಟಿಲವರೆಗೆ, ಕೊನೆಗೆ ಗೇಟ್‌ವರೆಗೆ. ಗೇಟಿನಲ್ಲಿ ಒಮ್ಮೆ ಕೂಗಿದ. ವಾಪಸ್ ಬಂದು ಬಾಗಿಲು ತೆಗೆದು ಚೂರು ಕೊಟ್ಟೆ.

28ರ ಬೆಳಿಗ್ಗೆ ಹೊಟ್ಟೆ ಕೆಡದಿರಲಿ ಅಂತ ಊಟ ಕೊಡಲಿಲ್ಲ. ಟಕ್ ಅನ್ನಿಸಿದೆ, ತಾನೇ ಒಳಗೆ ಹೋದ. ಶಿಬಿರದಲ್ಲಿ ತುಂಬಾ ನಾಯಿಗಳಿದ್ದವು. ಡಬ್ಬಿಗೆ ಟವೆಲ್ ಹೊದಿಸಿ, ನೆಲದ ಮೇಲಿಡದೆ ಕುರ್ಚಿಯ ಮೇಲೆ ಇಟ್ಟೆ. ಸರದಿ ಬಂದಾಗ ಗುಂಡನನ್ನು ಹೊರಗೆ ಎಳೆಯಲೇ ಇಲ್ಲ. ಮೇಲಿನ ಅರ್ಧ ಬಿಚ್ಚಿದೆ, ತಟ್ಟೆಯಲ್ಲಿ ಕೂತಿದ್ದ ಹಾಗೇ ಡಾಕ್ಟರು ಚುಚ್ಚಿದರು. ಮುಖವನ್ನು ಟವೆಲ್ಲಿನಲ್ಲಿ ಹುದುಗಿಸಿಕೊಂಡಿದ್ದ. ಒಂದು ನಿಮಿಷವೂ ಹಿಡಿಯಲಿಲ್ಲ.

ಮನೆಗೆ ಬಂದು ಬಾಗಿಲು ತೆಗೆದರೆ ಹೊರಗೆ ಬರಲೊಲ್ಲ, ಅಲ್ಲೇ ಮಲಗಿಬಿಟ್ಟ. ಡಬ್ಬಿಯನ್ನು ಅಟ್ಟಕ್ಕೆ ಹಾಕುವ ಯೋಚನೆ ಕೈಬಿಟ್ಟಿದ್ದೇನೆ. ಟೇಬಲ್ ಪಕ್ಕ ಅದು ಚೆನ್ನಾಗೇನೂ ಕಾಣುವುದಿಲ್ಲ, ಬಂದವರೆಲ್ಲ ಎಡವುತ್ತಾರೆ. ಮುಂದಿನ ವರ್ಷದ ಬೂಸ್ಟರ್ ದಿನಾಂಕ ಬರೆದ ಕಾರ್ಡನ್ನು ಅದರ ಮೇಲೇ ಅಂಟಿಸಿದ್ದೇನೆ. ಈಗ ಇರುವ ತೊಂದರೆ ಒಂದೇ: ಪೆನ್ನಿನ ಕ್ಯಾಪ್ ಹಾಕಿದರೂ 'ಟಕ್' ಅನ್ನುತ್ತದೆ, ಗುಂಡ ಓಡಿ ಬಂದು ಚೂರಿಗಾಗಿ ಪದಬಂಧದ ಮೇಲೆ ಕೂರುತ್ತಾನೆ.